ಅಮ್ಮಂಗೆ 72, ಗಂಟು ಸಣ್ಣದು: ರೇಡಿಯೇಶನ್ ಪೂರ್ತಿ ಎದೆಗೆ ಬೇಕಾ, ಆ ಜಾಗಕ್ಕೆ ಮಾತ್ರ ಸಾಕಾ, ಅಥವಾ ಬೇಡ್ವೇ ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮ ತಾಯಿಗೆ 72 ವರ್ಷ, ಶಿವಮೊಗ್ಗ ಹತ್ರ ಹಳ್ಳಿಯಲ್ಲಿ ಇರ್ತಾರೆ. ಬಿಪಿ, ಶುಗರ್ ಇದೆ ಆದ್ರೆ ಓಡಾಡ್ಕೊಂಡು ಚೆನ್ನಾಗೇ ಇದಾರೆ. ಬಲಗಡೆ ಎದೆಯಲ್ಲಿ ಗಂಟು ಸಿಕ್ಕಿ ಮೂರು ವಾರದ ಹಿಂದೆ ಬೆಂಗಳೂರಲ್ಲಿ ಆಪರೇಶನ್ ಆಯ್ತು, ಎದೆ ಉಳಿಸಿ ಗಂಟು ಮಾತ್ರ ತೆಗೆದಿದಾರೆ. ರಿಪೋರ್ಟಲ್ಲಿ 1.4 ಸೆಂ.ಮೀ., ಗ್ರೇಡ್ 2, ಕಂಕುಳಿನ ಗ್ರಂಥಿಗಳು ಕ್ಲಿಯರ್, ಇಆರ್ ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್ ಅಂತಿದೆ. ಈಗ ಒಬ್ರು ಡಾಕ್ಟ್ರು ಪೂರ್ತಿ ಎದೆಗೆ 15 ಸಲ ರೇಡಿಯೇಶನ್ ಅಂತಾರೆ, ಇನ್ನೊಬ್ರು ಗಂಟಿದ್ದ ಜಾಗಕ್ಕೆ ಮಾತ್ರ 5 ಸಲ ಸಾಕು ಅಂತಾರೆ, ಅಮೆರಿಕದಲ್ಲಿರೋ ನಮ್ಮಣ್ಣ ಈ ವಯಸ್ಸಿಗೆ ಅದೇನೂ ಬೇಡ, ಮಾತ್ರೆ ಸಾಕು ಅಂತಾನೆ. ಕಮ್ಮಿ ಕೊಟ್ರೆ ವಾಪಸ್ ಬರತ್ತಾ? ಇನ್ನೊಂದು ವಿಷ್ಯ, ಅಮ್ಮಂಗೆ ಕ್ಯಾನ್ಸರ್ ಅಂತ ಇನ್ನೂ ಹೇಳಿಲ್ಲ, ಗಂಟು ಅಂತಷ್ಟೇ ಗೊತ್ತು.

ಉತ್ತರ:

ನಮಸ್ಕಾರ. ಮೊದ್ಲು ಒಂದು ಸಮಾಧಾನದ ಮಾತು, ನಿಮಗೆ ಮೂರು ಜನ ಮೂರು ಥರ ಹೇಳಿದ್ರೂ ಮೂವರಲ್ಲಿ ಯಾರೂ ತಪ್ಪು ಹೇಳಿಲ್ಲ, ನಿಮ್ಮಣ್ಣನೂ ಸೇರಿ. ನೀವು ಬರ್ದಿರೋ ರಿಪೋರ್ಟ್ ಹಂಗೇ ಇದ್ರೆ, ಅಂದ್ರೆ ಸಣ್ಣ ಗಂಟು, ಹಾರ್ಮೋನಿನಿಂದ ಬೆಳೆಯೋ ಜಾತಿ (ಇಆರ್ ಪಿಆರ್ ಪಾಸಿಟಿವ್), ಹರ್-2 ಅನ್ನೋ ಪ್ರೋಟೀನ್ ಹೆಚ್ಚಿಲ್ಲ, ಕಂಕುಳಿಗೆ ಹರಡಿಲ್ಲ, ನಿಮ್ಮ ತಾಯಿಗೆ ಈ ಮೂರೂ ದಾರಿ ತೆರೆದಿವೆ, ಮೂರರಲ್ಲಿ ಯಾವ್ದನ್ನ ಹಿಡಿದ್ರೂ ಅವರ ಆಯಸ್ಸು ಹೆಚ್ಚುಕಮ್ಮಿ ಆಗಲ್ಲ ಅನ್ನೋದಕ್ಕೆ ಹತ್ತು ವರ್ಷ ಜನರನ್ನ ಹಿಂಬಾಲಿಸಿ ನೋಡಿದ ಪುರಾವೆ ಇದೆ. ವ್ಯತ್ಯಾಸ ಆಗೋದು ಬೇರೆ ಕಡೆ, ಅದೇ ಎದೆಯಲ್ಲಿ ಗಂಟು ಮತ್ತೆ ಬರೋ ಸಾಧ್ಯತೆಯಲ್ಲಿ, ಮತ್ತು ಟ್ರೀಟ್ಮೆಂಟ್ ಅವರ ದಿನನಿತ್ಯದ ಬದುಕಿಗೆ ಎಷ್ಟು ಭಾರ ಹಾಕತ್ತೆ ಅನ್ನೋದ್ರಲ್ಲಿ.

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷ್ಯ ಒಟ್ಟಿಗೆ ಕಲಸಿ ಹೋಗಿದೆ, ಹೆಚ್ಚಿನ ಮನೆಯವರು ಹೀಗೇ ಕೇಳ್ತಾರೆ. ಎಷ್ಟು ಜಾಗಕ್ಕೆ ಕೊಡೋದು ಅನ್ನೋದು ಒಂದು, ಎಷ್ಟು ದಿನ ಕೊಡೋದು ಅನ್ನೋದು ಇನ್ನೊಂದು, ಕೊಡಲೇಬೇಕಾ ಅನ್ನೋದು ಮೂರನೇದು. "15 ಸಲ ಅಂದ್ರೆ ಪೂರ್ತಿ ಎದೆ, 5 ಸಲ ಅಂದ್ರೆ ಸ್ವಲ್ಪ ಜಾಗ" ಅಂತ ನೀವು ಅಂದ್ಕೊಂಡಿದೀರಿ, ಹಂಗೇನಿಲ್ಲ. ಪೂರ್ತಿ ಎದೆಗೂ 5 ದಿನದಲ್ಲಿ ಮುಗಿಸಬಹುದು, ಸ್ವಲ್ಪ ಜಾಗಕ್ಕೆ 15 ದಿನವೂ ಕೊಡ್ತಾರೆ. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅನ್ನೋ ಟ್ರಯಲ್‌ನಲ್ಲಿ 4,096 ಜನರನ್ನ ಸೇರಿಸ್ಕೊಂಡು ಮೂರು ವಾರದ 15 ಸಿಟ್ಟಿಂಗ್‌ಗೂ ಒಂದೇ ವಾರದ 5 ಸಿಟ್ಟಿಂಗ್‌ಗೂ ಹೋಲಿಸಿದ್ರು, 2020ರಲ್ಲಿ ಐದು ವರ್ಷದ ಫಲಿತಾಂಶ ಬಂತು, ಐದು ದಿನಕ್ಕೆ ಒಟ್ಟು 26 ಗ್ರೇ (ಗ್ರೇ ಅಂದ್ರೆ ರೇಡಿಯೇಶನ್ ಡೋಸ್ ಅಳೆಯೋ ಲೆಕ್ಕ) ಕೊಟ್ಟವರಲ್ಲಿ ಕ್ಯಾನ್ಸರ್ ವಾಪಸ್ ಬರೋದು ಹೆಚ್ಚಾಗಿರ್ಲಿಲ್ಲ. ಕೊರೋನಾ ಟೈಮಲ್ಲಿ ಆಸ್ಪತ್ರೆಗೆ ಬರೋದೇ ಕಷ್ಟ ಆದಾಗ ಎಷ್ಟೋ ಕಡೆ ಇದನ್ನ ಶುರು ಮಾಡಿದ್ರು, ಆಮೇಲೆ ಅದೇ ಉಳ್ಕೊಂತು. ಹಾಗಾಗಿ "ದಿನ ಉಳಿಯತ್ತೆ" ಅನ್ನೋದೊಂದೇ ಕಾರಣಕ್ಕೆ ಸ್ವಲ್ಪ ಜಾಗದ ರೇಡಿಯೇಶನ್ ಆರಿಸ್ಕೋಬೇಕಾಗಿಲ್ಲ, ದಿನದ ಚಿಂತೆ ಇದ್ರೆ ಅದಕ್ಕೆ ಪೂರ್ತಿ ಎದೆಯಲ್ಲೂ ದಾರಿ ಇದೆ.

ಹಾಗಾದ್ರೆ ಸ್ವಲ್ಪ ಜಾಗಕ್ಕೆ ಯಾಕೆ? ಎದೆ ಉಳಿಸಿ ಆಪರೇಶನ್ ಮಾಡಿದವರಲ್ಲಿ ಮುಂದೆ ಗಂಟು ವಾಪಸ್ ಬಂದ್ರೆ ಬಹುಪಾಲು ಬರೋದು ಹಳೇ ಗಂಟಿದ್ದ ಜಾಗದ ಸುತ್ತಮುತ್ತಲೇ. ಎದೆಯ ಬೇರೆ ಮೂಲೆಯಲ್ಲಿ ಹೊಸದಾಗಿ ಬರೋದು ಕಮ್ಮಿ, ಅದು ರೇಡಿಯೇಶನ್ ಕೊಟ್ಟವರಲ್ಲೂ ಕೊಡದವರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಬರತ್ತೆ ಅನ್ನೋದು ಹಳೇ ಟ್ರಯಲ್‌ಗಳಲ್ಲೇ ಕಂಡಿತ್ತು. ಅಂದ್ಮೇಲೆ ಉಳಿದ ಎದೆಗೆ, ಅದರ ಹಿಂದಿನ ಪಕ್ಕೆಲುಬಿಗೆ, ಶ್ವಾಸಕೋಶದ ಅಂಚಿಗೆ, ಎಡಗಡೆ ಆದ್ರೆ ಹೃದಯಕ್ಕೆ ಸುಮ್ನೆ ಯಾಕೆ ಡೋಸ್ ಕೊಡ್ಬೇಕು ಅಂತ ಡಾಕ್ಟರ್‌ಗಳು ಯೋಚನೆ ಮಾಡಿದ್ರು. ಇದನ್ನ ಪಾರ್ಷಿಯಲ್ ಬ್ರೆಸ್ಟ್ ರೇಡಿಯೇಶನ್ ಅಂತಾರೆ, ನಿಮಗೆ ಎರಡನೇ ಡಾಕ್ಟ್ರು ಹೇಳಿದ್ದು ಇದೇ.

ಇದರ ಮೇಲೆ ನನಗೆ ಅತಿ ಹೆಚ್ಚು ನಂಬಿಕೆ ಕೊಟ್ಟ ಟ್ರಯಲ್ ಬ್ರಿಟನ್ನಿನ ಇಂಪೋರ್ಟ್ ಲೋ. 2007ರಿಂದ 2010ರವರೆಗೆ 50 ದಾಟಿದ 2,018 ಹೆಂಗಸರನ್ನ ಸೇರಿಸ್ಕೊಂಡ್ರು, ಒಂದು ಗುಂಪಿಗೆ ಪೂರ್ತಿ ಎದೆಗೆ 40 ಗ್ರೇ, ಇನ್ನೊಂದಕ್ಕೆ ಗಂಟಿದ್ದ ಭಾಗಕ್ಕೆ 40 ಉಳಿದ ಎದೆಗೆ 36, ಮೂರನೇದಕ್ಕೆ ಗಂಟಿದ್ದ ಭಾಗಕ್ಕೆ ಮಾತ್ರ 40, ಎಲ್ಲಾ 15 ಸಲ. ಐದು ವರ್ಷ ಆದ್ಮೇಲೆ ಅದೇ ಎದೆಯಲ್ಲಿ ವಾಪಸ್ ಬಂದಿದ್ದು ಮೊದಲ ಗುಂಪಲ್ಲಿ 1.1%, ಎರಡನೇದ್ರಲ್ಲಿ 0.2%, ಮೂರನೇದ್ರಲ್ಲಿ 0.5%. ಕಮ್ಮಿ ಕೊಟ್ಟವರಲ್ಲಿ ಹೆಚ್ಚು ಬರ್ಲಿಲ್ಲ, ಎದೆಯ ಆಕಾರ, ಗಟ್ಟಿತನ ಇವೆಲ್ಲ ಅವರಲ್ಲೇ ಸ್ವಲ್ಪ ಚೆನ್ನಾಗಿತ್ತು. ನನಗೆ ಇದ್ರಲ್ಲಿ ಇಷ್ಟ ಆಗಿದ್ದು ಏನಂದ್ರೆ ಇದಕ್ಕೆ ಅವರು ದುಬಾರಿ ಮೆಶೀನ್ ಏನೂ ಬಳಸ್ಲಿಲ್ಲ, ರೇಡಿಯೇಶನ್ ಕೊಡೋ ಮಾಮೂಲಿ ಮೆಶೀನಾದ ಲೀನಿಯರ್ ಆಕ್ಸಿಲರೇಟರ್‌ನಲ್ಲಿ ಮಾಮೂಲಿ ಫೀಲ್ಡನ್ನೇ (ಕಿರಣ ಬೀಳೋ ಜಾಗ) ಚಿಕ್ಕದು ಮಾಡಿ ಕೊಟ್ರು, ಅಂದ್ರೆ ನಮ್ಮ ಕಡೆ ರೇಡಿಯೇಶನ್ ಕೊಡೋ ಯಾವ ಒಳ್ಳೆ ಸೆಂಟರಲ್ಲೂ ಮಾಡಬಹುದಾದ ಕೆಲ್ಸ ಇದು. ಡೆನ್ಮಾರ್ಕಿನವರು 60 ದಾಟಿದವರಲ್ಲೇ ಇದನ್ನ ಮಾಡಿ ನೋಡಿದ್ರು, ಮೂರು ವರ್ಷಕ್ಕೆ ಎದೆ ಗಟ್ಟಿಯಾಗೋದು ಪೂರ್ತಿ ಎದೆಗೆ ಕೊಟ್ಟವರಲ್ಲಿ 9.7%, ಸ್ವಲ್ಪ ಜಾಗಕ್ಕೆ ಕೊಟ್ಟವರಲ್ಲಿ 5.1%.

ನಿಮ್ಮ ತಾಯಿಗೆ ಹೇಳಿರೋ 5 ಸಲದ ಲೆಕ್ಕ ಬಹುಶಃ ಇಟಲಿಯ ಫ್ಲಾರೆನ್ಸ್‌ನಿಂದ ಬಂದಿದ್ದು. ಅಲ್ಲಿ 520 ಜನರಲ್ಲಿ ಅರ್ಧ ಜನಕ್ಕೆ ಗಂಟಿದ್ದ ಜಾಗಕ್ಕೆ ಮಾತ್ರ ದಿನ ಬಿಟ್ಟು ದಿನ 6 ಗ್ರೇ ಹಾಗೆ 5 ಸಲ, ಒಟ್ಟು 30 ಗ್ರೇ ಕೊಟ್ರು, ಉಳಿದ ಅರ್ಧಕ್ಕೆ ಹಳೇ ಪದ್ಧತಿಯಲ್ಲಿ ಪೂರ್ತಿ ಎದೆಗೆ 25 ಸಲ, ಮೇಲಿಂದ ಬೂಸ್ಟ್, ಅಂದ್ರೆ ಗಂಟಿದ್ದ ಜಾಗಕ್ಕೆ ಇನ್ನಷ್ಟು ಡೋಸ್. ಹತ್ತು ವರ್ಷಕ್ಕೆ ವಾಪಸ್ ಬಂದಿದ್ದು 3.7% ಮತ್ತು 2.5%, ಆ ಅಂತರ ಲೆಕ್ಕಶಾಸ್ತ್ರದ ಪ್ರಕಾರ ಗಣನೆಗೆ ಬರೋವಷ್ಟು ಅಲ್ಲ, ಬದುಕುಳಿದವರ ಪ್ರಮಾಣ ಎರಡರಲ್ಲೂ ಒಂದೇ. ಚರ್ಮ ಕೆಂಪಾಗೋದು, ಆಮೇಲೆ ಗಟ್ಟಿಯಾಗೋದು ಎರಡೂ ಸ್ವಲ್ಪ ಜಾಗದವರಲ್ಲೇ ಕಮ್ಮಿ.

ಆದ್ರೆ ಒಂದು ಎಚ್ಚರಿಕೆ. ಸ್ವಲ್ಪ ಜಾಗಕ್ಕೆ ಕೊಡೋ ಎಲ್ಲಾ ವಿಧಾನನೂ ಒಂದೇ ಅಲ್ಲ. ಕೆನಡಾದ ರ್‍ಯಾಪಿಡ್ ಟ್ರಯಲ್‌ನಲ್ಲಿ ದಿನಕ್ಕೆ ಎರಡು ಸಲ ಕೊಟ್ಟು ಒಂದು ವಾರದಲ್ಲಿ 10 ಸಲ ಮುಗಿಸಿದ್ರು, ಕ್ಯಾನ್ಸರ್ ಏನೋ ಹತೋಟಿಯಲ್ಲೇ ಇತ್ತು, ಆದ್ರೆ ಕೆಲ ವರ್ಷ ಆದ್ಮೇಲೆ ಎದೆ ಕುಗ್ಗಿ ಗಟ್ಟಿಯಾಗಿ ಆಕಾರ ಕೆಟ್ಟಿದ್ದು ಪೂರ್ತಿ ಎದೆಯವರಿಗಿಂತ ಸುಮಾರು ಎರಡರಷ್ಟು. ಎರಡು ಡೋಸಿನ ನಡುವೆ ಆರು ಗಂಟೆ ಬಿಡ್ತಾರೆ, ಅಷ್ಟರಲ್ಲಿ ಆರೋಗ್ಯವಾಗಿರೋ ಜೀವಕೋಶ ಸುಧಾರಿಸ್ಕೊಳೋದಿಲ್ಲ ಅನ್ನೋದು ಅದಕ್ಕೆ ಕೊಡೋ ವಿವರಣೆ. ಯಾರಾದ್ರೂ "ದಿನಕ್ಕೆ ಎರಡು ಸಲ" ಅಂತ ಮೆಶೀನಿನ ರೇಡಿಯೇಶನ್ ಹೇಳಿದ್ರೆ ದಿನ ಬಿಟ್ಟು ದಿನದ್ದು ಯಾಕಾಗಲ್ಲ ಅಂತ ಕೇಳಿ.

ಆಪರೇಶನ್ ಟೇಬಲ್ ಮೇಲೇ ಒಂದೇ ಸಲ ಕೊಟ್ಟು ಮುಗಿಸೋದೂ ಇದೆ, ಇಂಟ್ರಾಆಪರೇಟಿವ್ ಅಂತಾರೆ. ಲಂಡನ್ನಲ್ಲಿ ಇದನ್ನ ಶುರು ಮಾಡಿದವರಲ್ಲಿ ಜಯಂತ್ ವೈದ್ಯ ಅಂತ ನಮ್ಮ ದೇಶದ ಮೂಲದ ಸರ್ಜನ್ ಒಬ್ಬರು, ಟಾರ್ಗಿಟ್ ಟ್ರಯಲ್ ಅವರದ್ದೇ. ಮಿಲಾನಿನಲ್ಲಿ ಎಲಿಯಟ್ ಅಂತ ಇನ್ನೊಂದು ಮಾಡಿದ್ರು, ಅದ್ರಲ್ಲಿ ಹದಿನೈದು ವರ್ಷಕ್ಕೆ ಅದೇ ಎದೆಯಲ್ಲಿ ವಾಪಸ್ ಬಂದಿದ್ದು 12.6%, ಪೂರ್ತಿ ಎದೆಗೆ ಕೊಟ್ಟವರಲ್ಲಿ 2.4%. ಸಾವಿನಲ್ಲಿ ವ್ಯತ್ಯಾಸ ಇಲ್ಲ, ಆದ್ರೂ ಇದು ಸಣ್ಣ ಅಂತರ ಅಲ್ಲ. ಫೈನಲ್ ಬಯಾಪ್ಸಿ ರಿಪೋರ್ಟ್ ಬರೋಕೆ ಮುಂಚೆನೇ ಕೊಟ್ಟುಬಿಡೋದ್ರಿಂದ ಯಾರಿಗೆ ಸಾಕು ಯಾರಿಗೆ ಸಾಲ್ದು ಅಂತ ಆರಿಸೋಕಾಗಲ್ಲ. ನಿಮ್ಮ ತಾಯಿಗೆ ಆಪರೇಶನ್ ಆಗಿ ಮೂರು ವಾರ ಆಗಿರೋದ್ರಿಂದ ಆ ಮಾತು ಹೆಂಗೂ ಮುಗಿದಿದೆ. ಸಣ್ಣ ಕೊಳವೆಗಳನ್ನ ಎದೆಯಲ್ಲಿ ಚುಚ್ಚಿ ಒಳಗಿಂದ ಕೊಡೋ ಬ್ರೇಕಿಥೆರಪಿ ಕೂಡ ಇದೆ, ಫಲಿತಾಂಶ ಒಳ್ಳೇದಿದೆ, ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಾಡ್ತಾರೆ, ಆದ್ರೆ ಅದಕ್ಕೆ ಪಳಗಿದ ಕೈ ಬೇಕು, 72 ವರ್ಷದ ಶುಗರ್ ಇರೋ ಹೆಂಗಸಿಗೆ ಬೇರೆ ಸುಲಭದ ದಾರಿ ಇರುವಾಗ ನಾನು ಅದನ್ನ ಹೇಳಲ್ಲ.

ಈಗ ನಿಮ್ಮಣ್ಣನ ಮಾತಿಗೆ ಬರ್ತೀನಿ. ಅವರು ಹೇಳಿದ್ದಕ್ಕೆ ಗಟ್ಟಿ ಆಧಾರ ಇದೆ. ಅಮೆರಿಕದಲ್ಲಿ 1994ರಿಂದ 1999ರವರೆಗೆ 70 ದಾಟಿದ 636 ಹೆಂಗಸರಲ್ಲಿ, ಎಲ್ಲರದ್ದೂ ಸಣ್ಣ ಗಂಟು, ಎಲ್ಲರಿಗೂ ಟಾಮೊಕ್ಸಿಫೆನ್ ಅನ್ನೋ ಹಾರ್ಮೋನ್ ತಡೆಯೋ ಮಾತ್ರೆ, ಅರ್ಧ ಜನಕ್ಕೆ ರೇಡಿಯೇಶನ್, ಅರ್ಧಕ್ಕೆ ಇಲ್ಲ. ಹತ್ತು ವರ್ಷಕ್ಕೆ ಎದೆ ಮತ್ತು ಕಂಕುಳಲ್ಲಿ ಕ್ಯಾನ್ಸರ್ ವಾಪಸ್ ಬರದೇ ಇದ್ದವರು 98% ಮತ್ತು 90%. ಬದುಕಿದ್ದವರು 67% ಮತ್ತು 66%. ತೀರಿಕೊಂಡ 334 ಜನರಲ್ಲಿ ಬ್ರೆಸ್ಟ್ ಕ್ಯಾನ್ಸರ್‌ನಿಂದ ಹೋದವರು 21 ಜನ ಮಾತ್ರ, ಉಳಿದವರೆಲ್ಲ ಹಾರ್ಟು, ಸ್ಟ್ರೋಕು, ವಯಸ್ಸು, ಬೇರೆ ಕಾಯಿಲೆ ಹೀಗೆ. ಆಮೇಲೆ ಸ್ಕಾಟ್ಲೆಂಡಿನ ಎಡಿನ್‌ಬರೋದವರ ನೇತೃತ್ವದಲ್ಲಿ ಪ್ರೈಮ್-2 ಅಂತ 65 ದಾಟಿದ 1,326 ಜನರಲ್ಲಿ ಇದೇ ಪ್ರಶ್ನೆ ಕೇಳಿದ್ರು, 2023ರಲ್ಲಿ ಹತ್ತು ವರ್ಷದ ಫಲಿತಾಂಶ ಬಂತು, ರೇಡಿಯೇಶನ್ ಇಲ್ಲದವರಲ್ಲಿ ಅದೇ ಎದೆಯಲ್ಲಿ ವಾಪಸ್ ಬಂದಿದ್ದು 9.5%, ತಗೊಂಡವರಲ್ಲಿ 0.9%, ಬದುಕಿದ್ದವರು ಎರಡೂ ಕಡೆ ಸುಮಾರು 81%.

ಇದನ್ನ ಹೀಗೆ ನೋಡಿ. ನಿಮ್ಮ ತಾಯಿಯಂಥ ನೂರು ಜನ ರೇಡಿಯೇಶನ್ ಬಿಟ್ಟು ಮಾತ್ರೆ ಮಾತ್ರ ತಗೊಂಡ್ರೆ ಹತ್ತು ವರ್ಷದಲ್ಲಿ ಒಂಬತ್ತು ಹತ್ತು ಜನಕ್ಕೆ ಅದೇ ಎದೆಯಲ್ಲಿ ಮತ್ತೆ ಗಂಟು ಬರತ್ತೆ, ತಗೊಂಡ್ರೆ ಒಬ್ಬರಿಗೆ. ಅಂದ್ರೆ ತೊಂಬತ್ತು ಜನಕ್ಕೆ ಬಿಟ್ಟಿದ್ದೇ ಸರಿ ಅನ್ಸತ್ತೆ. ಆ ಒಂಬತ್ತು ಜನಕ್ಕೆ 78ರಲ್ಲೋ 80ರಲ್ಲೋ ಇನ್ನೊಂದು ಆಪರೇಶನ್, ಬಹುಶಃ ಪೂರ್ತಿ ಎದೆ ತೆಗೆಯೋದು. ಸಾಯಲ್ಲ ನಿಜ, ಆದ್ರೆ ಆ ವಯಸ್ಸಲ್ಲಿ ಮತ್ತೆ ಅನಸ್ತೇಶಿಯಾ, ಮತ್ತೆ ಬೆಂಗಳೂರು, ಮತ್ತೆ ಮನೆಯೆಲ್ಲಾ ಗಾಬರಿ. ಇದನ್ನ ಸಣ್ಣ ವಿಷ್ಯ ಅನ್ನೋವ್ರೂ ಇದಾರೆ, ದೊಡ್ಡದು ಅನ್ನೋವ್ರೂ ಇದಾರೆ, ಡಾಕ್ಟರ್ ಆಗಿ ನಾನು ಅದನ್ನ ನಿಮ್ಮ ತಾಯಿ ಪರವಾಗಿ ತೀರ್ಮಾನ ಮಾಡೋಕೆ ಬರಲ್ಲ.

ಆದ್ರೆ ಈ ಎರಡೂ ಟ್ರಯಲ್‌ಗಳ ಬಗ್ಗೆ ನಮ್ಮ ಕಡೆ ಹೇಳುವಾಗ ಒಂದು ಮಾತು ಬಿಟ್ಟುಹೋಗತ್ತೆ, ಅದೇನಂದ್ರೆ ರೇಡಿಯೇಶನ್ ಬಿಟ್ಟವರೆಲ್ಲ ಹಾರ್ಮೋನ್ ಮಾತ್ರೆ ತಗೊಳ್ಳೋವ್ರು. ಐದು ವರ್ಷ, ದಿನಾ ಒಂದು. 72ರ ಹೆಂಗಸಿಗೆ ಸಾಮಾನ್ಯವಾಗಿ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಬರೀತಾರೆ. ಇದರಿಂದ ಕೀಲುನೋವು, ಬೆಳಿಗ್ಗೆ ಎದ್ದಾಗ ಬೆರಳು ಮಂಡಿ ಹಿಡ್ಕೊಳೋದು, ಮೂಳೆ ಸವೆಯೋದು ಆಗತ್ತೆ. ಮೊದ್ಲೇ ಮಂಡಿನೋವು ಇರೋವ್ರಿಗೆ ಇದು ಇನ್ನೂ ಜಾಸ್ತಿ. ನಾನು ನೋಡೋ ಹಾಗೆ ಎಷ್ಟೋ ಅಜ್ಜಿಯರು ವರ್ಷದೊಳಗೆ ತಾವಾಗೇ ಮಾತ್ರೆ ನಿಲ್ಲಿಸಿರ್ತಾರೆ, ಕೇಳಿದ್ರೆ "ತಗೋತಾ ಇದೀನಿ" ಅಂತಾರೆ, ಸೊಸೆ ಹಿಂದಿನಿಂದ ತಲೆ ಅಲ್ಲಾಡಿಸ್ತಾಳೆ. ಮಾತ್ರೆ ಸ್ಟ್ರಿಪ್ ತನ್ನಿ ಅಂದ್ರೆ ಮೂರು ತಿಂಗಳ ಹಿಂದೆ ತಗೊಂಡ ಸ್ಟ್ರಿಪ್ಪಲ್ಲಿ ಅರ್ಧ ಹಾಗೇ ಇರತ್ತೆ. ಅಂಥವ್ರಿಗೆ ರೇಡಿಯೇಶನ್ನೂ ಇಲ್ಲ ಮಾತ್ರೆನೂ ಇಲ್ಲ ಅಂದ್ರೆ ಆಪರೇಶನ್ ಒಂದೇ ಆಗಿದ್ದು ಅಂತ ಲೆಕ್ಕ, ಅದಕ್ಕೆ ಮೇಲೆ ಹೇಳಿದ ಯಾವ ಅಂಕಿಯೂ ಅನ್ವಯಿಸಲ್ಲ.

ಹಾಗಾಗಿ ಈಗ ಪ್ರಶ್ನೆನ ತಿರುಗಿಸಿಯೂ ಕೇಳ್ತಿದಾರೆ, ಮಾತ್ರೆ ಬಿಟ್ಟು ರೇಡಿಯೇಶನ್ ಮಾತ್ರ ಕೊಟ್ರೆ ಹೆಂಗೆ ಅಂತ. ಯೂರೋಪಾ ಅಂತ ಟ್ರಯಲ್, 70 ದಾಟಿದವರಲ್ಲಿ, ಮುನ್ನಡೆಸ್ತಿರೋದು ಫ್ಲಾರೆನ್ಸಿನವರೇ. ಇತ್ತೀಚೆಗೆ ಬಂದ ಮೊದಲ ಫಲಿತಾಂಶದಲ್ಲಿ ಎರಡು ವರ್ಷ ಆದ್ಮೇಲೆ ದಿನನಿತ್ಯದ ಬದುಕಿನ ಗುಣಮಟ್ಟ ಮಾತ್ರೆ ತಗೊಂಡವರಲ್ಲೇ ಹೆಚ್ಚು ಇಳಿದಿತ್ತು, ರೇಡಿಯೇಶನ್ ಮಾತ್ರ ತಗೊಂಡವರಲ್ಲಿ ಕಮ್ಮಿ. ಕ್ಯಾನ್ಸರ್ ಹತೋಟಿ ಬಗ್ಗೆ ಅದು ತೀರ್ಪು ಹೇಳೋಕೆ ಇನ್ನೂ ವರ್ಷಗಳು ಬೇಕು, ಹಾಗಾಗಿ ಇದನ್ನ ಓದಿ ಮಾತ್ರೆ ನಿಲ್ಲಿಸ್ಬೇಡಿ. ಆದ್ರೆ "ವಯಸ್ಸಾದವ್ರಿಗೆ ಮಾತ್ರೆ ಹಗುರ, ಕರೆಂಟ್ (ರೇಡಿಯೇಶನ್) ಭಾರ" ಅಂತ ನಾವೆಲ್ಲ ಅಂದ್ಕೊಂಡಿದ್ವಲ್ಲ, ಐದು ಸಿಟ್ಟಿಂಗಿನ ಕಾಲದಲ್ಲಿ ಆ ಲೆಕ್ಕ ಉಲ್ಟಾ ಆಗಿರಬಹುದು ಅನ್ನೋದು ನನ್ನ ಅನುಮಾನ.

ನನ್ನ ಅಭಿಪ್ರಾಯ ನೇರವಾಗಿ ಕೇಳಿದ್ರೆ, ನಿಮ್ಮ ತಾಯಿ ಓಡಾಡ್ಕೊಂಡಿದಾರೆ, ಇನ್ನೂ ಹತ್ತು ಹದಿನೈದು ವರ್ಷ ಬದುಕೋ ಲಕ್ಷಣ ಇದೆ, ಅಂಥವ್ರಿಗೆ ಗಂಟಿದ್ದ ಜಾಗಕ್ಕೆ ಮಾತ್ರ ದಿನ ಬಿಟ್ಟು ದಿನ 5 ಸಲ ಕೊಡೋದೇ ನಾನು ಮೊದ್ಲು ಹೇಳೋದು. ಅವರಿಗೆ 84 ಆಗಿದ್ದು, ಹಾರ್ಟ್ ವೀಕ್ ಇದ್ದು, ಮಂಚ ಹಿಡ್ದಿದ್ರೆ ನಿಮ್ಮಣ್ಣನ ಮಾತೇ ನನ್ನ ಮಾತಾಗಿರ್ತಿತ್ತು.

ಆದ್ರೆ ಅದಕ್ಕೆ ಎರಡು ಷರತ್ತು. ಮೊದಲನೇದು ರಿಪೋರ್ಟ್. ನೀವು ಬರ್ದಿರೋದ್ರಲ್ಲಿ ಮಾರ್ಜಿನ್ ಬಗ್ಗೆ ಇಲ್ಲ, ಅಂದ್ರೆ ಗಂಟಿನ ಸುತ್ತ ತೆಗೆದ ಮಾಂಸದ ಅಂಚಲ್ಲಿ ಕ್ಯಾನ್ಸರ್ ಕಣ ಇದೆಯೋ ಇಲ್ವೋ ಅನ್ನೋದು, ಅದು ಕ್ಲಿಯರ್ ಇರ್ಲೇಬೇಕು, ಇಲ್ಲಾಂದ್ರೆ ಮತ್ತೆ ಸರ್ಜನ್ ಹತ್ರ ಹೋಗ್ಬೇಕು, ರೇಡಿಯೇಶನ್‌ನಿಂದ ಅದನ್ನ ಮುಚ್ಚಿಹಾಕೋಕಾಗಲ್ಲ. ಲಿಂಫೋವ್ಯಾಸ್ಕ್ಯುಲರ್ ಇನ್ವೇಶನ್ (ಸಣ್ಣ ರಕ್ತನಾಳ, ದುಗ್ಧನಾಳಗಳೊಳಗೆ ಕ್ಯಾನ್ಸರ್ ಕಣ ನುಗ್ಗಿರೋದು) ಅಂತ ಒಂದು ಸಾಲು ಇರತ್ತೆ, ಅದ್ರ ಮುಂದೆ ಇಲ್ಲ ಅಂತಿರ್ಬೇಕು. ಗಂಟು ಒಂದೇ ಇರ್ಬೇಕು, ಎರಡು ಮೂರು ಕಡೆ ಇದ್ರೆ ಪೂರ್ತಿ ಎದೆನೇ. ಲೋಬ್ಯುಲರ್ ಅನ್ನೋ ಜಾತಿ ಆದ್ರೆ ಸ್ವಲ್ಪ ಯೋಚಿಸ್ಬೇಕು. ಇಆರ್ ಪಾಸಿಟಿವ್ ಅಂದ್ರೆ ಎಷ್ಟು ಪಾಸಿಟಿವ್ ಅಂತ ನೋಡಿ, ಪ್ರೈಮ್-2ನಲ್ಲೂ ಇಆರ್ ಕಮ್ಮಿ ಇದ್ದವರಲ್ಲಿ ರೇಡಿಯೇಶನ್ ಬಿಟ್ಟಾಗ ವಾಪಸ್ ಬಂದಿದ್ದು ಜಾಸ್ತಿ. ಮನೆತನದಲ್ಲಿ ಬ್ರಾಕಾ ಜೀನ್ (ಬ್ರೆಸ್ಟ್ ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬರಿಸೋ ದೋಷ) ಇದೆ ಅಂತ ಗೊತ್ತಿದ್ರೆ ಸ್ವಲ್ಪ ಜಾಗದ್ದು ಬೇಡ. ಓದೋ ಬೇರೆಯವರಿಗೂ ಒಂದು ಮಾತು, ಹರ್-2 ಪಾಸಿಟಿವ್, ಟ್ರಿಪಲ್ ನೆಗೆಟಿವ್ (ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್), ಕಂಕುಳಿಗೆ ಹರಡಿದ್ದು, ಇವ್ಯಾವಕ್ಕೂ ಈ ಉತ್ತರ ಅಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದವ್ರಿಗಿಂತ ಚಿಕ್ಕ ವಯಸ್ಸಲ್ಲೇ ಬರತ್ತೆ, ಆಸ್ಪತ್ರೆಗೆ ಬರೋ ಹೊತ್ತಿಗೆ ಗಂಟೂ ದೊಡ್ಡದಾಗಿರತ್ತೆ, ಹಾಗಾಗಿ ನಿಮ್ಮ ತಾಯಿ ಥರದ ಅದೃಷ್ಟದ ರಿಪೋರ್ಟ್ ಇಲ್ಲಿ ಇನ್ನೂ ಕಮ್ಮಿನೇ. ಪಕ್ಕದ ಮನೆಯವ್ರಿಗೆ ಕಿಮೋ ಕೊಟ್ಟು 15 ಸಲ ಕೊಟ್ರು ಅಂತ ಹೋಲಿಸ್ಕೊಂಡು ಗಾಬರಿ ಆಗ್ಬೇಡಿ.

ಎರಡನೇ ಷರತ್ತು ಕ್ಲಿಪ್. ಇದನ್ನ ಯಾರೂ ಮನೆಯವ್ರಿಗೆ ಹೇಳಲ್ಲ, ಆದ್ರೆ ಇಡೀ ಮಾತು ಇದ್ರ ಮೇಲೇ ನಿಂತಿದೆ. ಗಂಟು ತೆಗೆದ್ಮೇಲೆ ಅಲ್ಲೊಂದು ಗುಂಡಿ ಆಗತ್ತಲ್ಲ, ಸರ್ಜನ್ ಹೊಲಿಗೆ ಹಾಕೋ ಮುಂಚೆ ಆ ಗುಂಡಿಯ ಗೋಡೆಗೆ ನಾಲ್ಕೈದು ಕಡೆ ಟೈಟೇನಿಯಂನ ಪುಟ್ಟ ಕ್ಲಿಪ್ ಹಾಕಿರ್ಬೇಕು, ಅಕ್ಕಿಕಾಳಿಗಿಂತ ಸಣ್ಣದು. ಮುಂದೆ ನಾವು ಸಿಟಿ ಸ್ಕ್ಯಾನ್ ಮಾಡಿದಾಗ ಅವು ಬಿಳಿ ಚುಕ್ಕಿಯಾಗಿ ಕಾಣತ್ತೆ, ಅದನ್ನ ನೋಡ್ಕೊಂಡು ಅದ್ರ ಸುತ್ತ ಒಂದಿಷ್ಟು ಅಂಚು ಬಿಟ್ಟು ರೇಡಿಯೇಶನ್ ಜಾಗ ಗುರುತು ಮಾಡ್ತೀವಿ. ಕ್ಲಿಪ್ ಇಲ್ದಿದ್ರೆ? ಹೊರಗಿನ ಗಾಯದ ಗುರುತು ಒಂದು ಕಡೆ ಇರತ್ತೆ, ಒಳಗಿನ ಜಾಗ ಇನ್ನೊಂದು ಕಡೆ. ಈಗಿನ ಸರ್ಜನ್‌ಗಳು ಆಕಾರ ಚೆನ್ನಾಗಿರ್ಲಿ ಅಂತ ಮೊಲೆತೊಟ್ಟಿನ ಅಂಚಲ್ಲೋ ಕಂಕುಳ ಪಕ್ಕದಲ್ಲೋ ಕೊಯ್ದು ಒಳಗಿನ ಮಾಂಸನ ಆಕಡೆ ಈಕಡೆ ಸರಿಸಿ ಗುಂಡಿ ಮುಚ್ತಾರೆ, ನೋಡೋಕೆ ತುಂಬಾ ಚೆನ್ನಾಗಿ ಬರತ್ತೆ, ಆದ್ರೆ ಗಂಟು ಎಲ್ಲಿತ್ತು ಅಂತ ಹುಡುಕೋದು ನಮಗೆ ತಲೆನೋವು. ಸ್ವಲ್ಪ ನೀರು ತುಂಬ್ಕೊಂಡಿದ್ರೆ ಅದನ್ನ ನೋಡಿ ಅಂದಾಜು ಮಾಡ್ಬಹುದು, ವಾರ ಕಳೆದ ಹಾಗೆ ಅದೂ ಒಣಗತ್ತೆ. ಜಾಗ ಸರಿಯಾಗಿ ಗೊತ್ತಾಗ್ದೆ ಸ್ವಲ್ಪ ಜಾಗಕ್ಕೆ ಕೊಡೋದು ಅಂದ್ರೆ ಕತ್ತಲಲ್ಲಿ ಕಲ್ಲು ಹೊಡ್ದ ಹಾಗೆ, ಅದಕ್ಕಿಂತ ಪೂರ್ತಿ ಎದೆಗೆ 5 ದಿನ ಕೊಡೋದು ಸಾವಿರ ಪಾಲು ವಾಸಿ. ಹಾಗಾಗಿ ಡಿಸ್ಚಾರ್ಜ್ ಸಮ್ಮರಿ ತೆಗೆದು ಆಪರೇಶನ್ ನೋಟ್ಸಲ್ಲಿ ಕ್ಲಿಪ್ ಅಂತ ಬರ್ದಿದ್ಯಾ ನೋಡಿ, ಇಲ್ದಿದ್ರೆ ಸರ್ಜನ್‌ಗೆ ಫೋನ್ ಮಾಡಿ ಕೇಳಿ. ನಿಮ್ಮ ಮೊದಲ ಡಾಕ್ಟ್ರು ಪೂರ್ತಿ ಎದೆ ಅಂದಿದ್ದಕ್ಕೆ ಇದೇ ಕಾರಣ ಇರಬಹುದು, ಅವರನ್ನ ಹಳೇ ಕಾಲದವ್ರು ಅಂತ ಅಂದ್ಕೋಬೇಡಿ.

ಇನ್ನು ಅಲ್ಲಿ ಏನಾಗತ್ತೆ ಅಂತ. ಮೊದ್ಲು ಒಂದು ದಿನ ಸಿಮ್ಯುಲೇಶನ್ ಅಂತ ಸಿಟಿ ಸ್ಕ್ಯಾನ್, ಒಂದು ಹಲಗೆ ಮೇಲೆ ಮಲಗಿಸಿ ಎರಡೂ ಕೈ ತಲೆ ಮೇಲೆ ಎತ್ತಿ ಇಡಿಸ್ತಾರೆ. ಕಂಕುಳಲ್ಲಿ ಆಪರೇಶನ್ ಆದವ್ರಿಗೆ ಇದೇ ದೊಡ್ಡ ಕಷ್ಟ, ಶುಗರ್ ಇರೋವ್ರಿಗೆ ಭುಜ ಬೇರೆ ಹಿಡ್ಕೊಂಡಿರತ್ತೆ. ಇವತ್ತಿಂದನೇ ಗೋಡೆ ಮೇಲೆ ಬೆರಳು ಹತ್ತಿಸೋ ವ್ಯಾಯಾಮ ಮಾಡಿಸಿ, ಕೈ ಕಿವಿ ಪಕ್ಕಕ್ಕೆ ಬರೋ ಹಾಗಾಗ್ಬೇಕು. ಚರ್ಮದ ಮೇಲೆ ಎರಡು ಮೂರು ಕಡೆ ಸೂಜಿಮೊನೆಯಷ್ಟು ಹಚ್ಚೆ ಹಾಕ್ತಾರೆ, ದಿನಾ ಅದೇ ಜಾಗಕ್ಕೆ ಸರಿಹೊಂದಿಸೋಕೆ, ಮುಂಗೈ ತುಂಬಾ ಹಚ್ಚೆ ಇರೋ ನಮ್ಮ ಅಜ್ಜಿಯರು ಇದಕ್ಕೆಲ್ಲ ಕ್ಯಾರೇ ಅನ್ನಲ್ಲ, ಹುಡುಗೀರೇ ಹೆದರೋದು. ತಾಳಿ ಸರ ಎದೆ ಮೇಲೆ ಬರೋದ್ರಿಂದ ಮಲಗೋ ಹೊತ್ತಲ್ಲಿ ಸರಿಸ್ಬೇಕು ಅಥವಾ ತೆಗೀಬೇಕು, ಇದನ್ನ ಮೊದ್ಲೇ ಹೇಳಿಟ್ಟಿರಿ, ಟೇಬಲ್ ಹತ್ರ ಹೋದ್ಮೇಲೆ ಹೇಳಿದ್ರೆ ಕಣ್ಣೀರು ಹಾಕೋವ್ರನ್ನ ನೋಡಿದೀನಿ. ಅರಿಶಿನದ ದಾರಕ್ಕೆ ಕೊಂಬು ಕಟ್ಕೊಂಡು ಅಷ್ಟು ದಿನ ಕಳೆಯೋದು ಹಲವರು ಮಾಡೋ ಉಪಾಯ, ನಮಗೆ ಅದ್ರಿಂದ ತೊಂದ್ರೆ ಇಲ್ಲ.

ಕೊಡೋವಾಗ ಏನೂ ಗೊತ್ತಾಗಲ್ಲ, ಎಕ್ಸ್‌ರೇ ತೆಗೆದ ಹಾಗೆ, ಒಳಗೆ ಹೋಗಿ ಬರೋಕೆ ಹದಿನೈದಿಪ್ಪತ್ತು ನಿಮಿಷ. ಎಲ್ಲರೂ ಕರೆಂಟ್ ಕೊಡ್ತಾರೆ ಅಂತಾರೆ ಆದ್ರೆ ಶಾಕ್ ಹೊಡೆಯೋದೇನೂ ಇಲ್ಲ, ತಲೆಕೂದಲು ಉದುರಲ್ಲ, ಮೈಯಲ್ಲಿ ರೇಡಿಯೇಶನ್ ಉಳ್ಕೊಳಲ್ಲ, ಮನೆಗೆ ಬಂದು ಮೊಮ್ಮಗೂನ ಎತ್ಕೋಬಹುದು. ಒಂದೆರಡು ವಾರ ಆದ್ಮೇಲೆ ಆ ಜಾಗ ಸ್ವಲ್ಪ ಕೆಂಪಾಗಿ, ನಮ್ಮ ಚರ್ಮದಲ್ಲಿ ಹೆಚ್ಚಾಗಿ ಕಪ್ಪಾಗಿ, ಆಮೇಲೆ ತಿಳಿಯಾಗತ್ತೆ, ಸುಸ್ತು ಒಂದಷ್ಟು ದಿನ ಇರಬಹುದು. ಸ್ನಾನ ಮಾಡಬಹುದು, ಉಜ್ಜೋದು ಬೇಡ. ಸಡಿಲ ಹತ್ತಿ ಬಟ್ಟೆ ಸಾಕು. ಆ ಜಾಗಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಯಾರೋ ಹೇಳಿದ ಲೇಪ ಹಚ್ಚೋ ಮುಂಚೆ ಒಂದ್ಸಲ ಕೇಳಿ. ವರ್ಷಗಳು ಕಳೆದ್ಮೇಲೆ ಆ ಭಾಗ ಸ್ವಲ್ಪ ಗಟ್ಟಿ ಅನ್ನಿಸಬಹುದು. ಬಲಗಡೆ ಆಗಿರೋದ್ರಿಂದ ಹೃದಯದ ಚಿಂತೆ ನಿಮಗೆ ಬೇಡ, ಎಡಗಡೆ ಇರೋವ್ರಿಗೆ ಉಸಿರು ಹಿಡಿದು ಕೊಡೋ ಪದ್ಧತಿ ಇದೆ, ಎದೆ ಉಬ್ಬಿದಾಗ ಹೃದಯ ಹಿಂದೆ ಸರಿಯತ್ತೆ. ಶುಗರ್ ಹತೋಟಿಯಲ್ಲಿಡಿ, ಗಾಯ ಪೂರ್ತಿ ಒಣಗದೆ ಶುರು ಮಾಡಲ್ಲ, ಹಂಗಂತ ಮೂರು ತಿಂಗಳು ದಾಟಿಸೋದೂ ಒಳ್ಳೇದಲ್ಲ, ನಿಮಗೆ ಮೂರು ವಾರ ಆಗಿದೆ, ಮುಂದಿನ ವಾರವೇ ಸ್ಕ್ಯಾನ್‌ಗೆ ದಿನ ತಗೊಳ್ಳಿ.

ಓಡಾಟದ ವಿಷ್ಯಕ್ಕೆ, ದಿನ ಬಿಟ್ಟು ದಿನ 5 ಸಲ ಅಂದ್ರೆ ಶನಿವಾರ ಭಾನುವಾರ ಸೇರಿ ಹತ್ತು ಹನ್ನೊಂದು ದಿನ, ಶಿವಮೊಗ್ಗದಿಂದ ಪ್ರತಿ ಸಲ ಬರೋದು ಬೇಡ, ಬೆಂಗಳೂರಲ್ಲಿ ನೆಂಟರ ಮನೇಲಿ ಉಳ್ಕೊಂಡು ಮುಗಿಸ್ಕೊಂಡು ಹೋಗಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆದ್ರೆ ಆವರಣದಲ್ಲೇ ಧರ್ಮಶಾಲೆ ಇದೆ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ರೇಡಿಯೇಶನ್ ಬರತ್ತೆ, ಯಾವ ಪ್ಯಾಕೇಜು ಏನು ಅಂತ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಲ್ಲಿ ಶುರು ಮಾಡೋ ಮುಂಚೆನೇ ಕೇಳ್ಬಿಡಿ, ಅರ್ಧಕ್ಕೆ ಕೇಳಿದ್ರೆ ಅಪ್ರೂವಲ್ ಸಿಗೋದು ಕಷ್ಟ.

ಈಗ ನೀವು ಕೊನೇಲಿ ಒಂದು ಸಾಲಲ್ಲಿ ಬರ್ದಿದ್ದು, ಅಮ್ಮಂಗೆ ಹೇಳಿಲ್ಲ ಅನ್ನೋದು. ನಿಮ್ಮ ಮೇಲೆ ನನಗೆ ಕೋಪ ಇಲ್ಲ, ಹತ್ತು ಮನೆಯಲ್ಲಿ ಎಂಟು ಮನೆಯವ್ರು ರೂಮಿನ ಹೊರಗೇ ನನ್ನ ತಡೆದು "ಸಾರ್ ಅವರ ಮುಂದೆ ಹೇಳ್ಬೇಡಿ" ಅಂತಾರೆ. ಆದ್ರೆ ನೋಡಿ, ಮೇಲೆ ಬರ್ದಿದ್ದೆಲ್ಲಾ ಅವರಿಗೆ ಗೊತ್ತಾಗ್ದೆ ತೀರ್ಮಾನ ಮಾಡೋಕಾಗಲ್ಲ. ಐದು ವರ್ಷ ಮಾತ್ರೆ ನುಂಗೋವ್ರು ಅವರು, ಮತ್ತೆ ಗಂಟು ಬಂದ್ರೆ ಅನುಭವಿಸೋವ್ರು ಅವರು. ಗಂಟು ತೆಗೆದಾಯ್ತು ಅಂದ್ಮೇಲೆ ಮತ್ಯಾಕೆ ಈ ಮೆಶೀನು, ಮತ್ಯಾಕೆ ದಿನಾ ಮಾತ್ರೆ ಅಂತ ಅವರಿಗೆ ಅನ್ಸೋದು ಸಹಜ, ಕಾರಣ ಗೊತ್ತಿಲ್ಲದ ಮಾತ್ರೆನೇ ಮೊದ್ಲು ನಿಲ್ಲೋದು. ಕನ್ಸೆಂಟ್ ಫಾರ್ಮ್‌ಗೆ ಹೆಬ್ಬೆಟ್ಟೋ ಸಹಿನೋ ಅವರೇ ಹಾಕ್ಬೇಕು. ಆಸ್ಪತ್ರೆ ಬೋರ್ಡ್ ಮೇಲೆ ಕ್ಯಾನ್ಸರ್ ಅಂತ ದಪ್ಪಕ್ಷರದಲ್ಲಿ ಕನ್ನಡದಲ್ಲೇ ಬರ್ದಿರತ್ತೆ, ಕಾಯ್ತಾ ಕೂತಾಗ ಪಕ್ಕದಲ್ಲಿರೋ ಹೆಂಗಸು "ನಿಮಗೆ ಎಷ್ಟನೇ ಸ್ಟೇಜು" ಅಂತ ಕೇಳ್ತಾಳೆ, ಅವತ್ತು ಅವಳ ಬಾಯಿಂದ ಗೊತ್ತಾಗೋದಕ್ಕಿಂತ ಇವತ್ತು ಮಗಳ ಬಾಯಿಂದ ಗೊತ್ತಾಗ್ಲಿ. ನಿಮಗೆ ಆಗಲ್ಲ ಅಂದ್ರೆ ನಿಮ್ಮ ಡಾಕ್ಟ್ರಿಗೆ ಹೇಳಿ, ನೀವು ಪಕ್ಕದಲ್ಲಿ ಕೂತಿರಿ. "ಅಮ್ಮಾ, ಅದು ಕ್ಯಾನ್ಸರ್ ಗಂಟೇ, ತುಂಬಾ ಮುಂಚೆನೇ ಸಿಕ್ಕಿದೆ, ತೆಗೆದಾಗಿದೆ, ಈಗ ವಾಪಸ್ ಬರದೇ ಇರೋಕೆ ಏನ್ ಮಾಡೋಣ ಅಂತ ನಿನ್ನ ಕೇಳ್ಬೇಕು" ಅನ್ನೋವಷ್ಟು ಸಾಕು, ಒಂದೇ ದಿನ ಎಲ್ಲಾ ಅಂಕಿ ಹೇಳ್ಬೇಕಿಲ್ಲ. ಅವರ ಉತ್ತರ ಕೆಲವು ಸಲ ನಾವೆಲ್ಲ ಅಂದ್ಕೊಂಡಿದ್ದಕ್ಕೆ ಪೂರ್ತಿ ಬೇರೆ ಇರತ್ತೆ, "ಮಾತ್ರೆ ಗೀತ್ರೆ ನೆನಪಿರಲ್ಲ, ಒಂದೇ ಸಲ ಕರೆಂಟ್ ಕೊಟ್ಟು ಕಳ್ಸಿ" ಅನ್ನೋವ್ರೂ ಇದಾರೆ, "ಬೆಂಗಳೂರಿಗೆ ಮತ್ತೆ ಬರಲ್ಲ, ಮಾತ್ರೆ ಕೊಡಿ" ಅನ್ನೋವ್ರೂ ಇದಾರೆ, ನಿಮ್ಮ ತಾಯಿಯಂಥ ರಿಪೋರ್ಟಿಗೆ ಎರಡಕ್ಕೂ ನಾವು ಸರಿ ಅನ್ನಬಹುದು.

ಯಾವ ದಾರಿ ಹಿಡಿದ್ರೂ ಆರು ತಿಂಗಳಿಂದ ವರ್ಷದೊಳಗೆ ಒಂದು ಮ್ಯಾಮೋಗ್ರಾಂ, ಆಮೇಲೆ ವರ್ಷಕ್ಕೊಂದು, ಎರಡೂ ಎದೆಗೆ. ರೇಡಿಯೇಶನ್ ಬಿಟ್ರೆ ಇದನ್ನ ತಪ್ಪಿಸೋ ಹಾಗೇ ಇಲ್ಲ. ಲೆಟ್ರೊಜೋಲ್ ಥರದ ಮಾತ್ರೆ ಶುರು ಮಾಡೋದಾದ್ರೆ ಮುಂಚೆನೇ ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಕ್ಯಾಲ್ಸಿಯಂ, ವಿಟಮಿನ್ ಡಿ ಕೇಳಿ, ಬಚ್ಚಲಮನೆಯಲ್ಲಿ ಜಾರದ ಹಾಗೆ ಒಂದು ಹಿಡಿ ಹಾಕ್ಸಿ. ಮಾರ್ಜಿನ್ ಮತ್ತು ಕ್ಲಿಪ್ ವಿಷ್ಯ ಗೊತ್ತಾದ್ಮೇಲೆ ಪೂರ್ತಿ ಬಯಾಪ್ಸಿ ರಿಪೋರ್ಟ್ ಇಟ್ಕೊಂಡು ನಿಮ್ಮ ಎರಡನೇ ಡಾಕ್ಟ್ರ ಹತ್ರ ಹೋಗಿ, ಅಮ್ಮನ್ನೂ ಕರ್ಕೊಂಡು.